ಗಾಳಿ ಓದಿ ಮರಸು ಕೂರುವುದು: ಓಹಿಯೊ ಗುಡ್ಡಗಳಲ್ಲಿ ಬಲಿತ ಬಿಳಿಬಾಲದ ಜಿಂಕೆಗೆ ಬಿಲ್ಲಿನ ಬೇಟೆ

ಎಕ್ಕದ ಕಾಯಿ ಒಣಗಿ ಬಿರಿದಾಗ ಒಳಗಿನ ಅರಳೆಯನ್ನು ಊದಿ ಹಾರಿಸಿ ಆಡದ ಮಕ್ಕಳು ನಮ್ಮ ಕಡೆ ಕಡಿಮೆ. ಅದೇ ಕುಟುಂಬದ ಗಿಡವೊಂದು ಆಗ್ನೇಯ ಓಹಿಯೊದ ರಸ್ತೆಯಂಚಿನಲ್ಲಿ ಬೆಳೆಯುತ್ತದೆ. ಇಲ್ಲಿಯವರು ಮಿಲ್ಕ್‌ವೀಡ್ ಎನ್ನುತ್ತಾರೆ. ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅದರ ಐದಾರು ಕಾಯಿ ಕಿತ್ತು ಬೇಟೆಯ ಜಾಕೆಟ್ಟಿನ ಜೇಬಿಗೆ ಹಾಕಿಕೊಳ್ಳುತ್ತೇನೆ. ಮರದ ಮೇಲೆ ಕೂತು ಒಂದು ಎಳೆ ಬಿಟ್ಟರೆ ಅದು ಬಹಳ ದೂರ ಕಣ್ಣಿಗೆ ಕಾಣುತ್ತಲೇ ತೇಲುತ್ತದೆ. ಅದು ಹೋದ ದಾರಿಯೇ ನನ್ನ ಮೈವಾಸನೆ ಹೋಗುವ ದಾರಿ. ಗಾಳಿ ಪಶ್ಚಿಮದಿಂದ ಬೀಸುತ್ತಿದೆ ಎಂದು ಫೋನು ಹೇಳುತ್ತಿರುತ್ತದೆ. ಅರಳೆ ಮಾತ್ರ ಇಪ್ಪತ್ತು ಗಜ ಪೂರ್ವಕ್ಕೆ ಹೋಗಿ, ತಡೆದು ನಿಂತು, ಕೊಳ್ಳಕ್ಕೆ ಇಳಿದು, ಸುತ್ತಿ ಬಂದು ನಾನು ಕೂತ ಮರದ ಬುಡಕ್ಕೇ ಬೀಳುತ್ತದೆ.

ಹಾಗಾಗಿ ಈ ಬರಹದಲ್ಲಿ ಗಾಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಬಿಲ್ಲು, ಬಾಣ, ಬಟ್ಟೆಗಳ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಗುಡ್ಡಗಾಡಿನಲ್ಲಿ ಹೊಸಬರು ಸೋಲುವುದು ಗಾಳಿಯಲ್ಲಿ.

ಶುರುವಿಗೇ ಒಂದು ಮಾತು ಸ್ಪಷ್ಟವಾಗಿರಲಿ. ಇಲ್ಲಿ ಹೇಳುವುದೆಲ್ಲ ಅಮೆರಿಕದ ಓಹಿಯೊ ರಾಜ್ಯದಲ್ಲಿ, ಪರವಾನಗಿ ಪಡೆದು, ಋತುವಿನಲ್ಲಿ ಮಾಡುವ ಬೇಟೆಗೆ ಸಂಬಂಧಿಸಿದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ನಿಷೇಧಿಸಬೇಕಾಗಿಯೂ ಇತ್ತು. ನಮ್ಮ ಅಜ್ಜಂದಿರ ಕಾಲದ ಮಲೆನಾಡಿನಲ್ಲಿ ಗದ್ದಲ ಎಬ್ಬಿಸಿ ಪ್ರಾಣಿಯನ್ನು ಹೊರಡಿಸುವ ಸೋವು ಬೇಟೆ ಇತ್ತು, ಮರದ ಮೇಲೆ ಹೊಂಚಿ ಕಾಯುವ ಮರಸು ಇತ್ತು. ನನ್ನ ಪಾಲಿಗೆ ಆ ಮಾತುಗಳು ಮಾತ್ರ ಉಳಿದವು, ಅವು ಇಲ್ಲಿ ಉಪಯೋಗಕ್ಕೆ ಬಂದವು.

ಓಹಿಯೊದ ಕಥೆ ಬೇರೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಕಬ್ಬಿಣದ ಕುಲುಮೆಗಳ ಇದ್ದಿಲಿಗಾಗಿ ಈ ಗುಡ್ಡಗಳನ್ನು ಬೋಳು ಮಾಡಿದರು, ಜಿಂಕೆಗಳನ್ನು ಲಂಗುಲಗಾಮಿಲ್ಲದೆ ಕೊಂದರು. 1904ರ ಹೊತ್ತಿಗೆ ರಾಜ್ಯದಲ್ಲಿ ಜಿಂಕೆಯೇ ಇರಲಿಲ್ಲ. ಕಾಡು ಮರಳಿ ಬೆಳೆದ ಮೇಲೆ ಜಿಂಕೆಯೂ ಮರಳಿತು. 1943ರಲ್ಲಿ ಮೂರೇ ಮೂರು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಬೇಟೆಯ ಋತು ಮತ್ತೆ ತೆರೆಯಿತು. ಇಂದು ಲೈಸೆನ್ಸಿನ ಹಣ, ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಬೇಟೆಯ ಸಲಕರಣೆಗಳ ಮೇಲೆ ವಸೂಲಾಗುವ ತೆರಿಗೆ, ವನ್ಯಜೀವಿಗಳ ನಿರ್ವಹಣೆಗೇ ಹೋಗುತ್ತದೆ.

ಕಾಗದಪತ್ರ

ಮೊದಲ ಬಾರಿಗೆ ಲೈಸೆನ್ಸ್ ಕೊಳ್ಳುವವರು ಸಾಮಾನ್ಯವಾಗಿ ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಲೈಸೆನ್ಸಿನ ಜೊತೆ ಜಿಂಕೆಗೆ ಪ್ರತ್ಯೇಕ ಪರ್ಮಿಟ್ ಬೇಕು. ಬಿಲ್ಲಿನ ಋತು ಸೆಪ್ಟೆಂಬರ್ ಕೊನೆಗೆ ಶುರುವಾಗಿ ಫೆಬ್ರವರಿ ಮೊದಲ ದಿನಗಳವರೆಗೆ ನಡೆಯುತ್ತದೆ. ಇಡೀ ವರ್ಷಕ್ಕೆ ಕೊಂಬಿನ ಗಂಡು ಒಂದೇ. ಬಿಲ್ಲಿನ ಎಳೆತ ಕನಿಷ್ಠ 40 ಪೌಂಡ್, ಬಾಣದ ಅಲಗಿನ ಅಗಲ ಕನಿಷ್ಠ ಮುಕ್ಕಾಲು ಇಂಚು ಇರಬೇಕು. ಬಂದೂಕಿನ ಋತು ನಡೆಯುವ ದಿನಗಳಲ್ಲಿ ಬಿಲ್ಲಿನವರೂ ಹೊಳೆಯುವ ಕಿತ್ತಳೆ ಬಣ್ಣದ ಮೇಲಂಗಿ ತೊಡಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ರಾಜ್ಯದ ವನ್ಯಜೀವಿ ವಿಭಾಗದ ಆ ವರ್ಷದ ಕೈಪಿಡಿಯನ್ನು ಒಮ್ಮೆ ಪೂರ್ತಿ ಓದಿ.

ಸ್ವಂತ ಜಮೀನಿಲ್ಲ ಎಂಬ ಚಿಂತೆ ಬೇಡ. ವೇಯ್ನ್ ರಾಷ್ಟ್ರೀಯ ಅರಣ್ಯ ಎರಡು ಲಕ್ಷ ಎಕರೆಗೂ ದೊಡ್ಡದು, ಝಲೆಸ್ಕಿಯಂತಹ ರಾಜ್ಯದ ಕಾಡುಗಳೂ ಇವೆ. ನಾನು ಕಲಿತದ್ದೆಲ್ಲ ಸಾರ್ವಜನಿಕ ಕಾಡಿನಲ್ಲೇ.

ಬಲಿತ ಗಂಡು ಎಂದರೆ

ಹೊಸಬರು ಕೊಂಬಿನ ಕವಲು ಎಣಿಸುತ್ತಾರೆ. ನಾನು ಮೈ ನೋಡಿ ಎನ್ನುತ್ತೇನೆ. ಮರಿಗಳು ಹುಟ್ಟುವುದು ಮೇ ಕೊನೆ, ಜೂನ್‌ನಲ್ಲಿ. ಹಾಗಾಗಿ ಬೇಟೆಯ ಕಾಲಕ್ಕೆ ಎಲ್ಲದರ ವಯಸ್ಸೂ ಒಂದೂವರೆ, ಎರಡೂವರೆ ಹೀಗೆ ಅರ್ಧದಲ್ಲೇ ಇರುತ್ತದೆ. ಒಂದೂವರೆ ವರ್ಷದ್ದು ಕೊಂಬು ಹೊತ್ತ ಹೆಣ್ಣಿನ ಹಾಗೆ ಕಾಣುತ್ತದೆ: ಸಣ್ಣ ಕುತ್ತಿಗೆ, ಉದ್ದ ಕಾಲು. ನಾಲ್ಕೂವರೆ ದಾಟಿದ್ದರ ಕುತ್ತಿಗೆ ನವೆಂಬರಿನಲ್ಲಿ ಊದಿ ನೇರ ಎದೆಗೇ ಸೇರಿದಂತಿರುತ್ತದೆ. ಬೆನ್ನು ತುಸು ಜಗ್ಗಿ, ಹೊಟ್ಟೆ ಜೋತು, ಆ ಮೈಭಾರಕ್ಕೆ ಕಾಲುಗಳು ಗಿಡ್ಡವಾದಂತೆ ತೋರುತ್ತವೆ. ನಡಿಗೆಯೂ ಬೇರೆ. ಎಳೆಯದು ಬಯಲಿಗೆ ಬಂದು ಆಮೇಲೆ ಸುತ್ತ ನೋಡುತ್ತದೆ. ಬಲಿತದ್ದು ಪೊದೆ ತುಂಬಿದ ಹಳುವಿನ ಅಂಚಿನಲ್ಲೇ ನಿಂತು ಮೂಗಿನಿಂದ ವಿಚಾರಿಸಿಕೊಂಡು, ಸರಿ ಕಾಣದಿದ್ದರೆ ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂತಿರುಗುತ್ತದೆ. ಅದು ಬಂದಿತ್ತೆಂಬುದೇ ನಿಮಗೆ ಗೊತ್ತಾಗುವುದಿಲ್ಲ.

ಇಂಥದ್ದು ಹಗಲಿನಲ್ಲಿ ಓಡಾಡುವ ಜಾಗ ಬಹಳ ಕಡಿಮೆ. ಅದರ ಹಕ್ಕೆಯ, ಎಂದರೆ ಮಲಗುವ ಜಾಗದ, ಸುತ್ತಲಿನ ಒಂದಿಷ್ಟು ನೆಲ, ಅಷ್ಟೇ. ನೀವು ಹುಡುಕಬೇಕಾದದ್ದೂ ಆ ನೆಲವನ್ನೇ.

ನಕ್ಷೆಯ ಮೇಲೆ ಹುಡುಕಾಟ

ಹಿಮಯುಗದ ಹಿಮನದಿಗಳು ಓಹಿಯೊದ ಬಹುಭಾಗವನ್ನು ಉಜ್ಜಿ ಮಟ್ಟ ಮಾಡಿದವು, ಆಗ್ನೇಯ ಭಾಗವನ್ನು ಮುಟ್ಟಲಿಲ್ಲ. ಅದಕ್ಕೇ ಇಲ್ಲಿ ಬೆರಳುಗಳ ಹಾಗೆ ಹರಡಿದ ಏಣುಗಳು (ಗುಡ್ಡದ ಉದ್ದನೆಯ ನೆತ್ತಿಸಾಲುಗಳು), ಅವುಗಳ ನಡುವೆ ಕಡಿದಾದ ಕೊಳ್ಳಗಳು. ಭೂಗರ್ಭ ಸರ್ವೇ ಇಲಾಖೆಯ 1:24,000 ಪ್ರಮಾಣದ ನಕ್ಷೆಯಾಗಲಿ, ಫೋನಿನ ಬೇಟೆ ಆ್ಯಪ್ ಆಗಲಿ, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಇರಬೇಕು. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರವಾಗಿದ್ದರೆ ಮಟ್ಟ.

ಏಣಿನಿಂದ ಪಕ್ಕಕ್ಕೆ ಮೂಗಿನಂತೆ ಚಾಚಿ ಇಳಿಯುವ ದಿಣ್ಣೆಗೆ ಇಲ್ಲಿ ಪಾಯಿಂಟ್ ಎನ್ನುತ್ತಾರೆ. ಬಲಿತ ಗಂಡಿನ ಹಕ್ಕೆ ಅದರ ತುದಿಯಲ್ಲಿ, ನೆತ್ತಿಯಿಂದ ಸ್ವಲ್ಪ ಕೆಳಗೆ, ಇಳಿಜಾರಿನ ಮೇಲಿನ ಮೂರನೇ ಒಂದು ಭಾಗದಲ್ಲಿ ಸಿಗುವುದು ಹೆಚ್ಚು. ಇಳಿಜಾರಿನ ಮಧ್ಯೆ ಮನೆಯ ಜಗಲಿಯಂತೆ ಹಾದುಹೋಗುವ ಮಟ್ಟಸ ನೆಲ ಬೆಂಚ್; ಜಿಂಕೆಗೂ ಹತ್ತಿಳಿಯುವ ಶ್ರಮ ಬೇಡ, ಅದರ ಮೇಲೆಯೇ ಸಾಗುತ್ತದೆ. ಎರಡು ದಿಬ್ಬಗಳ ನಡುವೆ ಏಣು ತಗ್ಗಿದ ಜಾಗ ಸ್ಯಾಡಲ್, ನಮ್ಮ ಮಾತಿನಲ್ಲಿ ಕಂಡಿ. ಕೊಳ್ಳದ ತಲೆ ಕಡಿದಾದ ಕೊರಕಲಾಗಿದ್ದರೆ ಜಿಂಕೆ ಅದನ್ನು ದಾಟದೆ ತಲೆಯ ಮೇಲಿನಿಂದಲೇ ಬಳಸಿ ಹೋಗುತ್ತದೆ, ಅಲ್ಲಿ ನಾಲ್ಕಾರು ಜಾಡು ಒಂದಾಗುತ್ತವೆ. ಕಾಡು ಕಡಿದು ಐದರಿಂದ ಹತ್ತು ವರ್ಷವಾದ ಜಾಗಗಳನ್ನು ಉಪಗ್ರಹ ಚಿತ್ರದಲ್ಲಿ ಗುರುತು ಮಾಡಿ. ಮನುಷ್ಯ ನುಗ್ಗಲಾಗದ ಮುಳ್ಳು, ಬಳ್ಳಿ, ಎಳೆಮರಗಳ ಹಳು ಅದು. ಪಾಯಿಂಟೊಂದು ಅಂಥ ಹಳುವಿಗೆ ತಾಗಿಕೊಂಡಿದ್ದರೆ ಅಲ್ಲಿಗೆ ನಡೆದು ನೋಡಲೇಬೇಕು.

ಗಾಳಿ

ಗುಡ್ಡದಲ್ಲಿ ಎರಡು ಗಾಳಿ ಕೆಲಸ ಮಾಡುತ್ತವೆ. ಒಂದು, ಮೇಲೆ ಬೀಸುವ ದೊಡ್ಡ ಗಾಳಿ. ಇನ್ನೊಂದು, ನೆಲ ಕಾದು ತಣಿಯುವುದರಿಂದ ಹುಟ್ಟುವ ಗಾಳಿ. ಇಲ್ಲಿಯವರು ಥರ್ಮಲ್ ಎನ್ನುವ ಇದನ್ನು ನಾನು ಏರುಗಾಳಿ, ಇಳಿಗಾಳಿ ಎಂದು ಕರೆದುಕೊಳ್ಳುತ್ತೇನೆ. ಬಿಸಿಲು ಬಿದ್ದ ಇಳಿಜಾರಿಗೆ ತಾಗಿದ ಗಾಳಿ ಕಾದು ಹಗುರವಾಗಿ ನೆತ್ತಿಯ ಕಡೆ ಏರುತ್ತದೆ. ನೆರಳು ಬಿದ್ದೊಡನೆ ನೆಲ ತಣಿದು, ತಣ್ಣನೆಯ ಗಾಳಿ ಭಾರವಾಗಿ ನೀರಿನ ಹಾಗೆ ಇಳಿಯುತ್ತದೆ. ನೀರು ಎಲ್ಲಿ ಹರಿದೀತೋ ಅಲ್ಲೇ ಹರಿಯುತ್ತದೆ: ಕೊರಕಲಿಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದ ಗುಂಟ ಕೆಳಕ್ಕೆ.

ಇದರ ವೇಳಾಪಟ್ಟಿ ಎಲ್ಲ ಇಳಿಜಾರಿಗೂ ಒಂದೇ ಅಲ್ಲ. ಪೂರ್ವಕ್ಕೆ ಮುಖ ಮಾಡಿದ ಮೈಗೆ ಬೆಳಗ್ಗೆ ಮೊದಲು ಬಿಸಿಲು, ಅಲ್ಲಿ ಏರುಗಾಳಿ ಬೇಗ ಶುರು. ಮಧ್ಯಾಹ್ನದ ನಂತರ ಅದೇ ಮೈ ಮೊದಲು ನೆರಳಾಗುತ್ತದೆ, ಅಲ್ಲಿ ಇಳಿಗಾಳಿಯೂ ಬೇಗ. ಪಶ್ಚಿಮದ ಮೈಯಲ್ಲಿ ಎರಡೂ ತಡ. ಮೋಡ ಕವಿದ, ಗಾಳಿ ಜೋರಿರುವ ದಿನ ಈ ಏರಿಳಿತ ದುರ್ಬಲ, ದೊಡ್ಡ ಗಾಳಿಯದ್ದೇ ಮಾತು. ತಿಳಿಯಾದ, ನಿಶ್ಚಲ ಸಂಜೆಗಳಲ್ಲಿ ಹವಾಮಾನ ವರದಿಯ ದಿಕ್ಕನ್ನು ಮರೆತುಬಿಡಿ, ಇಳಿಗಾಳಿಯೇ ಎಲ್ಲ.

ಈಗ ಗಂಡಿನ ಹಕ್ಕೆಯ ಲೆಕ್ಕ ನೋಡಿ. ಅದು ಮಲಗುವುದು ಏಣಿನ ಗಾಳಿಮರೆಯ ಬದಿಯಲ್ಲಿ. ದೊಡ್ಡ ಗಾಳಿ ಏಣನ್ನು ದಾಟಿ ಬೆನ್ನ ಹಿಂದಿನಿಂದ ಬರುತ್ತದೆ, ಏಣಿನ ಆಚೆ ಬದಿಯ ವಾಸನೆಯೆಲ್ಲ ಮೂಗಿಗೆ ಸಿಗುತ್ತದೆ. ಹಗಲಿನ ಏರುಗಾಳಿ ಕೊಳ್ಳದ ವಾಸನೆಯನ್ನು ಕೆಳಗಿನಿಂದ ಹೊತ್ತು ತರುತ್ತದೆ. ಎರಡೂ ಸೇರುವ ಪಟ್ಟಿ ಆ ಮೇಲಿನ ಮೂರನೇ ಒಂದು ಭಾಗದಲ್ಲೇ ಇದೆ. ಮುಂದೆ ಕೆಳಗಿನದೆಲ್ಲ ಕಣ್ಣಿಗೆ ಬಯಲು. ಹೆದರಿಕೆಯಾದರೆ ಒಂದೇ ನೆಗೆತಕ್ಕೆ ಏಣಿನ ಆಚೆ. ಇದನ್ನು ಮೊದಲ ಸಲ ಅರಿತುಕೊಂಡಾಗ ನನಗೆ ಆ ಪ್ರಾಣಿಯ ಮೇಲೆ ಹುಟ್ಟಿದ ಗೌರವ ಇಂದಿಗೂ ಇದೆ. ಗಾಳಿ ದಿಕ್ಕು ಬದಲಾದ ದಿನ ಅದು ಹಕ್ಕೆಯನ್ನೂ ಬದಲಿಸುತ್ತದೆ. ಪಶ್ಚಿಮದ ಗಾಳಿಗೆ ಒಂದು ಪಾಯಿಂಟ್, ದಕ್ಷಿಣದ ಗಾಳಿಗೆ ಇನ್ನೊಂದು.

ನನ್ನ ಮೊದಲ ವರ್ಷ ಕೊಳ್ಳದ ತಳದಲ್ಲಿ, ಗಂಡು ಕಾಲಿನಿಂದ ನೆಲ ಕೆರೆದ ಟ್ರೇ ಅಗಲದ ಗುರುತೊಂದು ಸಿಕ್ಕಿತು. ಅದರ ಮೇಲೆಯೇ ಅಟ್ಟಣೆ ಕಟ್ಟಿಕೊಂಡು ಹನ್ನೊಂದು ಸಂಜೆ ಕೂತೆ. ಸುತ್ತಲಿನ ನಾಲ್ಕು ಇಳಿಜಾರುಗಳ ಇಳಿಗಾಳಿ ಅಲ್ಲಿ ಬಂದು ಸುಳಿಯಾಗಿ ತಿರುಗುತ್ತಿತ್ತು. ದಿನವೂ ಎಲ್ಲಿಂದಲೋ ಜಿಂಕೆ ಮೂಗಿನಿಂದ ಬುಸ್ಸೆಂದು ಊದಿ ಬಿಳಿ ಬಾಲ ಎತ್ತಿ ಓಡುವುದು ಕೇಳುತ್ತಿತ್ತು. ಆ ಕೊಳ್ಳವನ್ನು ಆ ವರ್ಷಕ್ಕೆ ನಾನೇ ಕೆಡಿಸಿದೆ. ತಳದಲ್ಲಿ ಗುರುತು ಎಷ್ಟೇ ಚೆನ್ನಾಗಿರಲಿ, ಅವು ಬಹುಪಾಲು ರಾತ್ರಿಯವು.

ಹಾಗಾದರೆ ಎಲ್ಲಿ ಕೂರುವುದು? ಬೆಳಗಿನ ಬೇಟೆಗೆ ಕತ್ತಲಲ್ಲಿ ಹಳ್ಳದ ಗುಂಟ, ಸಾಧ್ಯವಾದರೆ ನೀರಿನಲ್ಲೇ ನಡೆದು ಬನ್ನಿ. ಆಗ ಗಾಳಿ ಇನ್ನೂ ಇಳಿಯುತ್ತಿರುತ್ತದೆ, ನಿಮ್ಮ ವಾಸನೆ ಹಳ್ಳದ ಜೊತೆ ಕೆಳಗೆ ಹೋಗುತ್ತದೆ. ಬೆಳಕಾಗುವ ಮೊದಲೇ ಮೇಲೆ ಹತ್ತಿ ಕೂತಿರಬೇಕು. ಬಿಸಿಲೇರಿದ ಮೇಲೆ ವಾಸನೆ ನಿಮ್ಮ ತಲೆಯ ಮೇಲಿಂದ ನೆತ್ತಿಗೆ ಏರಿ ಹೋಗುತ್ತದೆ. ಸಂಜೆಯ ಬೇಟೆಗೆ ಏರುಗಾಳಿ ಇರುವಾಗಲೇ ಹಕ್ಕೆಯ ಕಣ್ಣಿಗೆ ಬೀಳದ ಬದಿಯಿಂದ ಬಂದು, ಇಳಿಗಾಳಿ ಶುರುವಾದಾಗ ನಿಮ್ಮ ಕೆಳಗೆ ಜಿಂಕೆ ಓಡಾಡದ ಜಾಗ ಇರುವಂತೆ ಮರ ಆರಿಸಿ: ಕಡಿದಾದ ದರೆ, ಬಂಡೆಸಾಲು, ಹರಿಯುವ ಹಳ್ಳ. ಗಾಳಿ ಪೂರ್ತಿ ನಿಮ್ಮ ಪರವಾಗಿದ್ದರೆ ಆ ಗಂಡು ಆ ದಾರಿಯಲ್ಲಿ ಬರುವುದೇ ಇಲ್ಲ, ಏಕೆಂದರೆ ಅದರ ಮೂಗಿಗೆ ಅಲ್ಲಿ ಏನೂ ಸಿಗುವುದಿಲ್ಲ. ಗಾಳಿ ತನಗೇ ಅನುಕೂಲ ಎಂದು ಅದಕ್ಕೆ ಅನಿಸಬೇಕು. ನಿಮ್ಮ ವಾಸನೆಯ ಹೊಳೆ ಅದರ ದಾರಿಗೆ ಹತ್ತಿಪ್ಪತ್ತು ಗಜ ಪಕ್ಕದಲ್ಲಿ ಹಾದುಹೋಗಬೇಕು. ಆ ಹತ್ತಿಪ್ಪತ್ತು ಗಜವನ್ನು ತೋರಿಸಿಕೊಡುವುದು ಅರಳೆ ಮಾತ್ರ.

ಫೆಬ್ರವರಿಯ ನಡಿಗೆ

ಮುಂದಿನ ನವೆಂಬರಿನ ಬೇಟೆ ಈ ಫೆಬ್ರವರಿ, ಮಾರ್ಚ್‌ನಲ್ಲಿ ಶುರು. ಋತು ಮುಗಿದಿರುತ್ತದೆ, ಎಲೆ ಉದುರಿರುತ್ತದೆ, ಹಿಂದಿನ ಶರತ್ಕಾಲದ ಗುರುತುಗಳು ಇನ್ನೂ ಹಾಗೇ ಇರುತ್ತವೆ. ಮಲಗಿದ್ದ ಜಿಂಕೆಯನ್ನು ನೀವು ಎಬ್ಬಿಸಿ ಓಡಿಸಿದರೂ ಅಷ್ಟು ತಿಂಗಳಲ್ಲಿ ಅದು ಮರೆತಿರುತ್ತದೆ. ಆಗ ಹಕ್ಕೆಯೊಳಗೇ ಹೋಗಿ, ಮಂಡಿಯೂರಿ ಕೂತು, ಅದು ಕಂಡದ್ದನ್ನು ನೀವೂ ನೋಡಿ. ದೊಡ್ಡ ಹಕ್ಕೆ ಒಂದೇ ಇದ್ದು, ಎಲೆಯ ಮೇಲೆ ಒರಟು ಕೂದಲು, ಹತ್ತಿರದಲ್ಲೇ ಕೊಂಬು ತಿಕ್ಕಿದ ಮರಗಳಿದ್ದರೆ ಅದು ಗಂಡಿನದು. ಚಿಕ್ಕದು ದೊಡ್ಡದು ನಾಲ್ಕೈದು ಒಟ್ಟಿಗಿದ್ದರೆ ಹೆಣ್ಣು ಮತ್ತು ಮರಿಗಳವು. ಅದನ್ನೂ ಗುರುತು ಮಾಡಿ, ನವೆಂಬರಿನಲ್ಲಿ ಬೇಕಾಗುತ್ತದೆ. ಬೆರಳು ದಪ್ಪದ ಗಿಡವನ್ನು ಯಾವ ಗಂಡಾದರೂ ತಿಕ್ಕುತ್ತದೆ, ತೊಡೆ ದಪ್ಪದ ಮರವನ್ನು ಎಳೆಯದು ತಿಕ್ಕುವುದು ಅಪರೂಪ. ತಿಕ್ಕಿದ ಬದಿ ಯಾವ ಕಡೆ ಮುಖ ಮಾಡಿದೆ ಎಂಬುದರಿಂದ ಅದು ಯಾವ ಕಡೆಯಿಂದ ಬರುತ್ತಿತ್ತೆಂದು ತಿಳಿಯುತ್ತದೆ. ಉದುರಿದ ಕೊಂಬು ಸಿಕ್ಕರೆ ಅದು ಬೇಟೆಯ ಋತುವನ್ನು ಬಹುಪಾಲು ದಾಟಿತ್ತು ಎಂಬ ಸುದ್ದಿ.

ಕೂರುವ ಮರವನ್ನೂ ಆಗಲೇ ಆರಿಸಿ. ಬೇಸಿಗೆಯಲ್ಲಿ ಆ ಕಡೆ ಕಾಲಿಡಬೇಡಿ.

ಓಕ್ ಕಾಯಿ, ಬೆದೆಗಾಲ

ಅಕ್ಟೋಬರ್ ಮೊದಲರ್ಧದಲ್ಲಿ ಹೊಟ್ಟೆಯ ಲೆಕ್ಕ. ಬಿಳಿ ಓಕ್ ಮರದ ಕಾಯಿಯಲ್ಲಿ ಒಗರು ಕಡಿಮೆ, ಜಿಂಕೆಗೆ ಅದೇ ಮೊದಲ ಇಷ್ಟ. ಅದು ಒಂದೇ ವರ್ಷದಲ್ಲಿ ಬಲಿತು ಬೇಗ ಉದುರುತ್ತದೆ. ಕೆಂಪು ಓಕ್ ಕಾಯಿ ಬಲಿಯಲು ಎರಡು ವರ್ಷ, ಒಗರು ಹೆಚ್ಚು, ಚಳಿಗಾಲದವರೆಗೂ ನೆಲದ ಮೇಲೆ ಉಳಿಯುತ್ತದೆ. ಹಕ್ಕೆಗೆ ನೂರಿನ್ನೂರು ಗಜದೊಳಗೆ ಕಾಯಿ ಉದುರಿಸುತ್ತಿರುವ ಬಿಳಿ ಓಕ್ ಸಿಕ್ಕಿ, ಅಡಿಯಲ್ಲಿ ಹೊಸ ಹಿಕ್ಕೆ ಬಿದ್ದಿದ್ದರೆ, ಗಾಳಿ ಹೊಂದುವ ಮೊದಲ ಸಂಜೆಗೇ ಅಲ್ಲಿ ಕೂರಿ. ಒಂದು ಜಾಗಕ್ಕೆ ಮೊದಲ ಸಲ ಕೂತಾಗಲೇ ಅವಕಾಶ ಹೆಚ್ಚು. ಎರಡನೇ ದಿನಕ್ಕೆ ನಿಮ್ಮ ಕಾಲಿನ ವಾಸನೆ ಅಲ್ಲಿ ಸುದ್ದಿಯಾಗಿರುತ್ತದೆ.

ಅಕ್ಟೋಬರ್ 25ರ ಸುಮಾರಿನಿಂದ ಬೆದೆಯ ಗಾಳಿ ಬೀಸತೊಡಗುತ್ತದೆ. ಹಗಲು ಕುಗ್ಗುವುದೇ ಇದಕ್ಕೆ ಸೂಚನೆ, ಹಾಗಾಗಿ ದಿನಾಂಕ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಹೆಚ್ಚಿನ ಹೆಣ್ಣುಗಳು ಬೆದೆಗೆ ಬರುವುದು ನವೆಂಬರ್ ನಡುವಿನಲ್ಲಿ. ಅದಕ್ಕೆ ಮೊದಲಿನ ಎರಡು ವಾರ ಬಲಿತ ಗಂಡು ಹಗಲಲ್ಲೂ ಹುಡುಕಾಟಕ್ಕೆ ಹೊರಡುತ್ತದೆ. ಹೆಣ್ಣುಗಳ ಹಕ್ಕೆಯೊಳಗೆ ಅದು ಹೋಗುವುದಿಲ್ಲ. ಏಣಿನ ಗಾಳಿಮರೆಯ ಬದಿಯಲ್ಲಿ, ಆ ಮೇಲಿನ ಪಟ್ಟಿಯಲ್ಲೇ ನಡೆದು, ಒಂದೇ ಸುತ್ತಿನಲ್ಲಿ ನಾಲ್ಕು ಹಕ್ಕೆಗಳ ವಾಸನೆ ನೋಡಿಕೊಂಡು ಹೋಗುತ್ತದೆ. ಎರಡು ಹೆಣ್ಣು ಹಕ್ಕೆಗಳ ನಡುವಿನ ಕಂಡಿಯಲ್ಲಿ, ಹವೆ ತಟ್ಟನೆ ತಣ್ಣಗಾದ ಮರುದಿನ, ಬೆಳಗಿನಿಂದ ಸಂಜೆಯವರೆಗೆ ಕೂರಿ. ಉಳಿದವರು ಊಟಕ್ಕೆ ಇಳಿಯುವ ಹನ್ನೊಂದರಿಂದ ಎರಡರ ನಡುವೆಯೇ ನಾನು ಒಳ್ಳೆಯ ಗಂಡುಗಳನ್ನು ಕಂಡಿದ್ದೇನೆ.

ಕೊಂಬು ತಾಕಿಸುವುದು, ಗಂಡಿನ ಗುಟುರು ಹಾಕುವುದು ಇದೇ ಹೊತ್ತಿನಲ್ಲಿ ಫಲಿಸುತ್ತದೆ. ಆದರೆ ಕರೆ ಕೇಳಿದ ಗಂಡು ಸುತ್ತಿ ನಿಮ್ಮ ಗಾಳಿಯ ಕೆಳಬದಿಗೆ ಬರುತ್ತದೆ. ಆ ಬದಿ ದರೆಯೋ ಬಂಡೆಯೋ ಆಗಿದ್ದರೆ ಮಾತ್ರ ಕರೆಯಿರಿ.

ಮರ, ಹಗ್ಗ, ಬಿಲ್ಲು

ಹಾರ್ನೆಸ್ (ಬೀಳದಂತೆ ಮೈಗೆ ಬಿಗಿಯುವ ಪಟ್ಟಿ) ತೊಟ್ಟು, ಕಾಲು ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ಹಗ್ಗಕ್ಕೆ ಸೇರಿಕೊಂಡೇ ಇರಿ. ಹತ್ತುವಾಗ, ಇಳಿಯುವಾಗ, ಅಟ್ಟಣೆಗೆ ಕಾಲಿಡುವಾಗಲೇ ಜನ ಬೀಳುವುದು. ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಹತ್ತಬೇಡಿ, ಮೇಲೆ ಕೂತ ನಂತರ ಹಗ್ಗದಿಂದ ಎಳೆದುಕೊಳ್ಳಿ. ಎಲ್ಲಿದ್ದೀರಿ, ಎಷ್ಟಕ್ಕೆ ಬರುತ್ತೀರಿ ಎಂದು ಮನೆಯವರಿಗೆ ಹೇಳಿ ಹೊರಡಿ, ಈ ಕೊಳ್ಳಗಳಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಇಪ್ಪತ್ತು ಅಡಿ ಎತ್ತರ ಸಾಕು. ಆದರೆ ಮೇಲಿನ ಇಳಿಜಾರಿನಿಂದ ಬರುವ ಜಿಂಕೆಗೆ ನೀವು ಅದರ ಕಣ್ಣಿನ ಮಟ್ಟದಲ್ಲೇ ಇರುತ್ತೀರಿ, ಆ ಬದಿಗೆ ಕಾಂಡ ಮರೆಯಾಗುವಂತೆ ಕೂರಿ.

ತುದಿಗಳಲ್ಲಿ ರಾಟೆಯಿರುವ ಕಾಂಪೌಂಡ್ ಬಿಲ್ಲಾದರೆ 50ರಿಂದ 65 ಪೌಂಡ್ ಎಳೆತ, 400–500 ಗ್ರೇನ್ (26–32 ಗ್ರಾಂ) ತೂಕದ ಬಾಣ, ಬ್ಲೇಡಿನಷ್ಟು ಹರಿತವಾದ ಅಲಗು. ಅಭ್ಯಾಸವನ್ನು ಮಟ್ಟ ನೆಲದಲ್ಲಿ ಮುಗಿಸಬೇಡಿ. ಇಳಿಜಾರಿನಲ್ಲಿ ಲೆಕ್ಕಕ್ಕೆ ಬರುವುದು ಅಡ್ಡದೂರ: 30 ಡಿಗ್ರಿ ಕೆಳಗೆ, ಕಣ್ಣಿನ ನೇರಕ್ಕೆ 30 ಗಜ ದೂರದ ಜಿಂಕೆಗೆ 26 ಗಜದ ಗುರಿ. ದೂರದ ಜೊತೆ ಕೋನವನ್ನೂ ಲೆಕ್ಕ ಹಾಕುವ ರೇಂಜ್‌ಫೈಂಡರ್ (ದೂರಮಾಪಕ) ಕೊಳ್ಳಿ. ಕೈ ತಗ್ಗಿಸದೆ ಸೊಂಟದಿಂದ ಬಾಗಿ. ದಪ್ಪ ಜಾಕೆಟ್ ತೊಟ್ಟು, ಚಳಿಯಲ್ಲಿ, ಕೂತು ಎಳೆದು ನೋಡಿ.

ಬಾಣ

ಪೂರ್ತಿ ಪಕ್ಕೆ ತೋರಿ ನಿಂತಿರಬೇಕು, ಇಲ್ಲವೇ ತುಸು ಆಚೆಗೆ ತಿರುಗಿರಬೇಕು. ನಿಮ್ಮ ಕಡೆ ಮುಖ ಮಾಡಿದಾಗ, ನಡೆಯುತ್ತಿರುವಾಗ, ತಲೆಯೆತ್ತಿ ಬಿಗಿದು ನಿಂತಾಗ ಬಿಡಬೇಡಿ. ಅದರ ತಲೆ ಮರದ ಹಿಂದೆ ಮರೆಯಾದಾಗ ಹೆದೆ ಎಳೆಯಿರಿ. ಸೆಕೆಂಡಿಗೆ 280 ಅಡಿ ಹೋಗುವ ಬಾಣಕ್ಕೆ 30 ಗಜ ದಾಟಲು ಸುಮಾರು 0.32 ಸೆಕೆಂಡ್, ಹೆದೆಯ ಸದ್ದು 0.08 ಸೆಕೆಂಡಿಗೇ ಅದರ ಕಿವಿಯಲ್ಲಿರುತ್ತದೆ. ಆ ನಡುವೆ ಅದು ಓಡಲು ಮೈ ಕುಗ್ಗಿಸುತ್ತದೆ, ಬಾಣ ಮೇಲಕ್ಕೆ ಬೀಳುತ್ತದೆ. ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿಯಿಡಿ, ಬಾಣ ಹೊರಬರುವ ಜಾಗವನ್ನು ಮನಸ್ಸಿನಲ್ಲಿ ನೋಡಿ ಬಿಡಿ. ನನ್ನ ಮಿತಿ 25 ಗಜ.

ಹತ್ತಿರಕ್ಕೂ ಒಂದು ಮಿತಿ ಇದೆ, ಅದು ಬಂದದ್ದು ಒಂದು ತಪ್ಪಿನಿಂದ. ಕಡಿದಾದ ಇಳಿಜಾರಿನಲ್ಲಿ, ಬಹುತೇಕ ನನ್ನ ಕಾಲ ಕೆಳಗೇ ಬಂದ ಗಂಡಿಗೆ ಅವಸರಪಟ್ಟು ಬಿಟ್ಟೆ. ಅಷ್ಟು ನೇರ ಕೋನದಲ್ಲಿ ಎರಡು ಶ್ವಾಸಕೋಶವೂ ಬಾಣಕ್ಕೆ ಸಿಗುವುದಿಲ್ಲ. ಒಂದಕ್ಕೆ ಮಾತ್ರ ತಾಗಿತು. ಎರಡು ದಿನ ಹುಡುಕಿದೆ, ಸಿಗಲಿಲ್ಲ. ಆ ವರ್ಷ ಮತ್ತೆ ಗಂಡಿಗೆ ಬಿಲ್ಲು ಎತ್ತಲಿಲ್ಲ, ನನ್ನ ಪಾಲಿನ ಒಂದು ಮುಗಿದಿತ್ತು.

ಬಿಟ್ಟ ನಂತರ ಕದಲಬೇಡಿ. ಕೊನೆಗೆ ಕಂಡ ಮರ, ಕೇಳಿದ ಸದ್ದು ನೆನಪಿಡಿ. ಬಾಣದ ಮೇಲೆ ಗುಳ್ಳೆ ಬೆರೆತ ತಿಳಿಗೆಂಪು ರಕ್ತವಿದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾದು ಹೋಗಿ. ಕಪ್ಪುಗೆಂಪಾದರೆ ಯಕೃತ್ತು, ನಾಲ್ಕರಿಂದ ಆರು ಗಂಟೆ. ಹಸಿರು ಬಣ್ಣ, ಕೆಟ್ಟ ವಾಸನೆ ಇದ್ದರೆ ಕರುಳು. ಸದ್ದಿಲ್ಲದೆ ಬಂದ ದಾರಿಯಲ್ಲೇ ಮರಳಿ, ಎಂಟರಿಂದ ಹನ್ನೆರಡು ಗಂಟೆ ಬಿಟ್ಟು ಬನ್ನಿ. ಬೇಗ ಬೆನ್ನಟ್ಟಿದರೆ ಅದು ಎದ್ದು ಮೂರು ಏಣು ದಾಟುತ್ತದೆ. ರಕ್ತ ಕಂಡಲ್ಲೆಲ್ಲ ಒಂದೊಂದು ಟಿಶ್ಯೂ ಚೂರು ಇಟ್ಟು ಹಿಂತಿರುಗಿ ನೋಡಿದರೆ ಹೋದ ದಿಕ್ಕು ಸಾಲಾಗಿ ಕಾಣುತ್ತದೆ.

ಕೊಳ್ಳದಿಂದ ಅಡುಗೆಮನೆಗೆ

ಹೊಡೆದ ಜಿಂಕೆಯನ್ನು ಮರುದಿನ ಮಧ್ಯಾಹ್ನ ಹನ್ನೆರಡರೊಳಗೆ ಫೋನಿನಲ್ಲೋ ಆನ್‌ಲೈನಲ್ಲೋ ನೋಂದಣಿ ಮಾಡಬೇಕು. ಕೈಗವಸು ತೊಟ್ಟು ಒಳಾಂಗಗಳನ್ನು ಅಲ್ಲೇ ತೆಗೆದು ಮೈ ಬೇಗ ತಣಿಯಲು ಬಿಡಿ. ಜಿಂಕೆಗಳ ಮಿದುಳನ್ನು ತಿನ್ನುವ ಸಿ.ಡಬ್ಲ್ಯು.ಡಿ. ರೋಗ ಓಹಿಯೊದ ಕಾಡುಜಿಂಕೆಯಲ್ಲಿ 2020ರಲ್ಲಿ ಮೊದಲು ಪತ್ತೆಯಾಯಿತು. ನಿಮ್ಮ ಕೌಂಟಿ ಆ ಪ್ರದೇಶದಲ್ಲಿದ್ದರೆ ಪರೀಕ್ಷೆ ಮಾಡಿಸಿ, ಮಿದುಳು, ಬೆನ್ನುಹುರಿ ಮುಟ್ಟಬೇಡಿ. ಇಡೀ ಪ್ರಾಣಿಯನ್ನು ಗುಡ್ಡ ಹತ್ತಿಸಿ ಎಳೆಯುವ ಸಾಹಸ ಒಬ್ಬರಿಂದಾಗದು. ಕೆಳಗಿನ ರಸ್ತೆಗೆ ಇಳಿಯುವ ದಾರಿಯನ್ನು ಫೆಬ್ರವರಿಯಲ್ಲೇ ನೋಡಿಟ್ಟಿರಿ, ಜೊತೆಗೊಬ್ಬರನ್ನು ಕರೆಯಿರಿ.

ಜಿಂಕೆಯ ಕೊಬ್ಬು ಮೇಣದಂತೆ ಬಾಯಿಗೆ ಅಂಟುತ್ತದೆ, ಪೂರ್ತಿ ತೆಗೆದುಹಾಕಿ. ಬೆನ್ನಿನ ಮಾಂಸವನ್ನು ಕಾವಲಿಯ ಮೇಲೆ ಮೆಣಸು, ಉಪ್ಪು ಹಾಕಿ ಬೇಗ ಬಾಡಿಸಿದರೆ ಸಾಕು, ಹೆಚ್ಚು ಬೆಂದರೆ ಗಟ್ಟಿ. ಬಲಿತ ಗಂಡಿನ ಕುತ್ತಿಗೆಯ ಮಾಂಸಕ್ಕೆ ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಕು. ಹುರಿದ ಕೊತ್ತಂಬರಿ, ಮೆಣಸು, ಬೆಳ್ಳುಳ್ಳಿಯ ಮಸಾಲೆಗೆ ಕೊನೆಯಲ್ಲಿ ಒಂದು ಚಮಚ ಉಪ್ಪಾಗೆ ಹುಳಿ ಬಿಡಿ. ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ನಾನು ತರಿಸಿಕೊಳ್ಳುವುದು ಅದೊಂದನ್ನೇ. ಕಡುಬು ಅಷ್ಟರಲ್ಲಿ ಬೆಂದಿರುತ್ತದೆ.